ಗರಡಿಯ ಮಣ್ಣು

ಊರಿನ ಚರಿತ್ರೆಯನ್ನು ಅರಸುವವರು ಮೊದಲು ದೇವಾಲಯದ ಕಡೆಗೆ ನಡೆಯುವುದು ವಾಡಿಕೆ. ಚಾಮರಾಜನಗರದಲ್ಲಿ ಆ ಕೆಲಸ ಸುಲಭ. ಅರಿಕುಠಾರವೆಂಬ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರನ್ನಿಟ್ಟದ್ದು 1818ರಲ್ಲಿ. ಚಾಮರಾಜೇಶ್ವರನ ಗುಡಿಯನ್ನು ಕಟ್ಟಿಸಿದ್ದು 1826ರಲ್ಲಿ. ಅರಸರು ಮಾಡಿದ್ದಕ್ಕೆ ಇಸವಿಯುಂಟು. ಆದರೆ ಈ ಸೀಮೆಯ ಕೇರಿಗಳಲ್ಲಿ, ಗುಂಡ್ಲುಪೇಟೆಯ ಕಡೆಯ ಹಳ್ಳಿಗಳಲ್ಲಿ, ಕೆಂಪು ಬಿಳಿ ಪಟ್ಟೆ ಬಳಿದ ಗೋಡೆಯ, ತಲೆ ತಗ್ಗಿಸದೆ ಒಳಹೊಗಲಾಗದ ಬಾಗಿಲಿನ ಗರಡಿಮನೆಗೆ ಇಸವಿಯನ್ನು ಯಾರು ಬರೆದಿಟ್ಟರು? ಕೇಳಿದರೆ ‘ಅಜ್ಜನ ಕಾಲದ್ದು’ ಎಂಬ ಉತ್ತರವೇ ಬರುವುದು.

ಗರಡಿಯೆಂದರೆ ಹಳ್ಳಿಯ ಕ್ರೀಡಾಸಂಘವೇ ಸರಿ. ಆದರೆ ಅದಕ್ಕೆ ಸದಸ್ಯರ ಪಟ್ಟಿಯಿಲ್ಲ, ವಾರ್ಷಿಕ ವರದಿಯಿಲ್ಲ. ಆಂಜನೇಯನ ಪಟವೊಂದು, ಗೋಡೆಗೆ ಒರಗಿಸಿದ ಗದೆ, ಮೂಲೆಯಲ್ಲಿ ಕಲ್ಲುಗುಂಡು, ನಡುವೆ ಮಟ್ಟಿ—ಇಷ್ಟೇ ಅದರ ಆಸ್ತಿ. ಮಟ್ಟಿಗೆ ಹಾಕುವುದು ಜರಡಿ ಹಿಡಿದ ಕೆಮ್ಮಣ್ಣು. ಅದಕ್ಕೆ ಎಣ್ಣೆ, ತುಪ್ಪ, ಮಜ್ಜಿಗೆ ಮುಂತಾದುವನ್ನು ಗರಡಿಯ ಪದ್ಧತಿಯಂತೆ ಬೆರೆಸುತ್ತಾರೆ, ಅರಿಸಿನವನ್ನಂತೂ ಮರೆಯುವುದಿಲ್ಲ. ಈ ಎರಡು ತಾಲ್ಲೂಕುಗಳ ಹೊಲದಲ್ಲಿ ಬೆಳೆಯುವ ಅರಿಸಿನವೇ ಗರಡಿಯಲ್ಲಿ ತರಚುಗಾಯಕ್ಕೆ ಮದ್ದಾಗುತ್ತದೆ. ಹಳೆಯ ಮಣ್ಣನ್ನು ಎಸೆದು ಹೊಸದನ್ನು ತುಂಬುವುದಿಲ್ಲ. ಹಳೆಯದರ ಮೇಲೆಯೇ ಹೊಸದನ್ನು ಬೆರೆಸುತ್ತಾರೆ. ಅಜ್ಜ ಬೆವರು ಸುರಿಸಿದ ಮಣ್ಣಿನಲ್ಲಿಯೇ ಮೊಮ್ಮಗನೂ ಹೊರಳುತ್ತಾನೆ. ಚರಿತ್ರೆಯನ್ನು ಕಾದಿಡಲು ಇದೂ ಒಂದು ಕ್ರಮ.

ವಿದ್ಯೆ ಸಾಗುವುದೂ ಹಾಗೆಯೇ. ನಸುಕಿನಲ್ಲಿ ಬಂದ ಹುಡುಗನು ಮೊದಲು ಗುದ್ದಲಿ ಹಿಡಿದು ಮಟ್ಟಿಯನ್ನು ಅಗೆಯಬೇಕು, ಬಳಿಕ ದಂಡ, ಬಸ್ಕಿ, ಪಟ್ಟುಗಳು ಅನಂತರ. ಜಾತ್ರೆಯ ಕುಸ್ತಿಗೆ, ಮೈಸೂರಿನ ದಸರೆಯ ಕುಸ್ತಿಗೆ ವಯಸ್ಸನ್ನೂ ತೂಕವನ್ನೂ ನೋಡಿ ಜೋಡಿ ಕಟ್ಟುವಾಗ, ಪೈಲ್ವಾನನ ಹೆಸರಿನೊಡನೆ ಉಸ್ತಾದರ ಹೆಸರನ್ನೂ ಗರಡಿಯ ಹೆಸರನ್ನೂ ಕೇಳುತ್ತಾರೆ. ಗೆದ್ದರೆ ಗೆಲುವು ಗರಡಿಯದು. ಚಿತ್ ಆದರೆ ಸೋಲು ಮಾತ್ರ ಅವನೊಬ್ಬನದು!

ಎಲ್ಲವೂ ಚೆನ್ನಾಗಿತ್ತೆಂದು ಹೇಳಿದರೆ ಅದು ಸುಳ್ಳಾದೀತು. ಗರಡಿಗಳಿದ್ದುದು ಕೇರಿಗೊಂದರಂತೆ, ಕೇರಿಯೆಂದರೆ ಜಾತಿಯೆಂದೇ ಅರ್ಥವಾಗುತ್ತಿದ್ದ ಕಾಲ ಅದು. ಹೆಣ್ಣುಮಕ್ಕಳಿಗಂತೂ ಹೊಸ್ತಿಲೇ ಎಲ್ಲೆ. ಈಗ ದಸರೆಯ ಕುಸ್ತಿಯಲ್ಲಿ ಹೆಣ್ಣುಮಕ್ಕಳೂ ಸೆಣಸುತ್ತಾರೆ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಸಾಕ್ಷಿ ಮಲಿಕ್ ಕುಸ್ತಿಯಲ್ಲಿಯೇ ಕಂಚಿನ ಪದಕ ಪಡೆದರು. ಹೊಸ್ತಿಲು ಸವೆಯುತ್ತ ಬಂದಿತು. ಆದರೆ ಅಷ್ಟು ಹೊತ್ತಿಗೆ ಒಳಗಿದ್ದವರೇ ಹೊರಡಲಾರಂಭಿಸಿದ್ದರು.

ಕಾರಣ ಒಂದಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಖಾಶಾಬಾ ಜಾಧವರು ಪಳಗಿದ್ದು ಕೊಲ್ಹಾಪುರದ ಮಣ್ಣಿನಲ್ಲಿ. ಸೆಣಸಬೇಕಾದದ್ದು ಮೆತ್ತೆಯ ಮೇಲೆ. ಪದಕಕ್ಕೂ ನೌಕರಿಗೂ ಮೆತ್ತೆಯ ಕುಸ್ತಿಯೇ ದಾರಿಯೆಂದಾದ ಮೇಲೆ ಮಣ್ಣಿಗೆ ಬೆಲೆ ಇಳಿಯಿತು. ಪೈಲ್ವಾನನಿಗೆ ಬೇಕಾದ ಹಾಲು, ಬಾದಾಮಿ, ತುಪ್ಪಗಳ ಬೆಲೆ ಮಾತ್ರ ಏರುತ್ತಲೇ ಹೋಯಿತು. ಎರಡೂ ಊರುಗಳಿಂದ ಮೈಸೂರಿಗೆ ಸುಮಾರು 60 ಕಿಲೋಮೀಟರು. ಬೆಳಗಿನ ಬಸ್ಸಿನಲ್ಲಿ ಕೆಲಸಕ್ಕೆ ಹೊರಡುವ ತರುಣನಿಗೆ ಗುದ್ದಲಿ ಹಿಡಿಯಲು ವೇಳೆಯೆಲ್ಲಿ?

ಇದು ಈ ಸೀಮೆಗೆ ಮಾತ್ರ ಬಂದ ಕಷ್ಟವಲ್ಲ. ಆಸ್ಟ್ರೇಲಿಯದವರು 1859ರಲ್ಲಿ ಮೆಲ್ಬರ್ನ್ ನಗರದಲ್ಲಿ ನಿಯಮ ಬರೆದುಕೊಂಡು ತಮ್ಮದೇ ಒಂದು ಕಾಲ್ಚೆಂಡಾಟವನ್ನು ಬೆಳೆಸಿದರು. ಪಕ್ಷಕ್ಕೆ ಹದಿನೆಂಟು ಮಂದಿ ಆಡುವ ಆಟ. ಅಲ್ಲಿನ ಗೋಧಿ ಬೆಳೆಯುವ ಸಣ್ಣ ಸಣ್ಣ ಊರುಗಳೂ ಅದಕ್ಕೊಂದು ಸಂಘ ಕಟ್ಟಿಕೊಂಡವು. ತರುಣರು ನಗರ ಸೇರಿ, ಹದಿನೆಂಟು ಮಂದಿಯನ್ನು ಕೂಡಿಸುವುದೇ ಕಷ್ಟವಾದಾಗ, ಹಲವೆಡೆ ನೆರೆಯೂರುಗಳ ಸಂಘಗಳು ಒಂದಾದವು. ತಲೆಮಾರುಗಳಿಂದ ಎದುರಾಳಿಗಳಾಗಿದ್ದವರು ಎರಡೂರ ಹೆಸರನ್ನು ಒಂದೇ ಅಂಗಿಯ ಮೇಲೆ ಧರಿಸಿದರು. ಅಭಿಮಾನಕ್ಕಿಂತ ಆಟ ಉಳಿಯುವುದು ಮುಖ್ಯವೆಂದು ಕಂಡಿರಬೇಕು.

ಇಲ್ಲಿನ ಗರಡಿಗಳೂ ಇದನ್ನು ಯೋಚಿಸಬಹುದು. ಎರಡು ಕೇರಿಯ ಹುಡುಗರು ಒಂದೇ ಮಟ್ಟಿಗೆ ಇಳಿದರೆ ಯಾವ ಉಸ್ತಾದರ ಮರ್ಯಾದೆಯೂ ಕುಂದದು. ಹಳೆಯ ಕಾಲ ಮಾಡದೆ ಬಿಟ್ಟ ಒಳ್ಳೆಯ ಕೆಲಸವೊಂದು ಆದಂತೆಯೂ ಆಗುವುದು. ಆದರೆ ತಡಮಾಡಲಾಗದು. ಬೀಗ ಹಾಕಿದ ಗುಡಿಯಲ್ಲಿ ದೇವರು ಕಾದಿರುತ್ತಾನೆ. ಬೀಗ ಹಾಕಿದ ಗರಡಿಯಲ್ಲಿ ಮಣ್ಣು ಕಾಯುವುದಿಲ್ಲ. ಅಗೆಯದೆ ಬಿಟ್ಟರೆ ಕೆಲವೇ ದಿನಗಳಲ್ಲಿ ಗಟ್ಟಿಯಾಗಿ, ಬಿದ್ದವನ ಮೂಳೆ ಮುರಿಯುವ ನೆಲವಾಗುತ್ತದೆ. ಅದನ್ನು ಮತ್ತೆ ಗರಡಿಯ ಮಣ್ಣಾಗಿಸಲು ಅರಸರ ಆಶ್ರಯವೇ ಬೇಕೆಂದಿಲ್ಲ. ದಿನವೂ ನಸುಕಿನಲ್ಲೆದ್ದು ಗುದ್ದಲಿ ಹಿಡಿಯುವ ನಾಲ್ಕಾರು ಮಂದಿ ಸಾಕು.