ಮುತ್ತಜ್ಜ ಹೋದದ್ದು ಬೊಳ್ಳಕ್ಕಾ?

ಮುತ್ತಜ್ಜ 'ಬೊಳ್ಳಕ್ಕೆ ಹೋದರು' ಅಂತಲೇ ನಮ್ಮ ಮನೆಯ ಮಾತು. ಬೊಳ್ಳ ಅಂದ್ರೆ ತುಳುವಿನಲ್ಲಿ ನೆರೆ. 1923ರಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ, ಪಾಣೆಮಂಗಳೂರನ್ನು ಮುಳುಗಿಸಿದ ಮಾರಿಬೊಳ್ಳ ಇಲ್ಲಿ ಎಲ್ಲರಿಗೂ ಗೊತ್ತು. ಸತ್ತ ದಿನ ಮಾತ್ರ ಯಾರಿಗೂ ಗೊತ್ತಿಲ್ಲ, ಹಾಗಾಗಿ ಮಹಾಲಯ ಅಮಾವಾಸ್ಯೆಗೇ ಎಡೆ.

ಹಳೇ ಪತ್ರಿಕೆ ತಿರುವಿದೆ. ನೆರೆಯ ಸುದ್ದಿ ಇತ್ತು, ಮುತ್ತಜ್ಜನ ಹೆಸರಿರಲಿಲ್ಲ. ಸುಳಿವು ಸಿಕ್ಕಿದ್ದು ಬೆಳ್ತಂಗಡಿಯ ಗದ್ದೆಯ ಕ್ರಯಪತ್ರದಲ್ಲಿ. 1931ರ ಆ ಪತ್ರದಲ್ಲಿ ಅವರದೇ ಸಹಿ! ನೆರೆಗೆ ಹೋದವರು ಎಂಟು ವರ್ಷ ಬಿಟ್ಟು ಬಂದು ಗದ್ದೆ ಮಾರ್ತಾರಾ?

ಮರಣ ದಾಖಲಾಗುವುದು ಸತ್ತ ಊರಲ್ಲಿ, ಸ್ವಂತ ಊರಲ್ಲಲ್ಲ. ಮುತ್ತಜ್ಜನ ಮಗಳ ಮನೆ ಮೂಡುಬಿದಿರೆ. ಅದು ಈಗ ಬೇರೆಯೇ ತಾಲೂಕು, ಆದರೆ 1997ರಲ್ಲಿ ಉಡುಪಿ ಜಿಲ್ಲೆ ಆಗುವವರೆಗೆ ಕಾರ್ಕಳಕ್ಕೆ ಸೇರಿತ್ತು. ಹಳೇ ರಿಜಿಸ್ಟರ್ ಕೇಳಿದ್ದು ಅಲ್ಲಿ. ಹೆಸರು ಹಾಕಿ ಸರ್ಚ್ ಮಾಡ್ಲಿಕ್ಕೆ ಅದೇನು ಡೇಟಾಬೇಸಾ? 1931ರಿಂದ ಒಂದೊಂದೇ ವರ್ಷ ನೋಡುತ್ತಾ ಬಂದೆವು. 1934ರಲ್ಲಿ ಸಿಕ್ಕಿದರು. ವಯಸ್ಸು 46, ಕಾರಣ: ಜ್ವರ.

"ಜ್ವರವಾ?" ಅಂತ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, "ತಾರೀಕು ಎಷ್ಟು ಮಗಾ? ತಿಥಿ ಯಾವುದು ಬರ್ತದೆ ನೋಡು" ಅಂದರು.

ಅಪ್ಪ ಈಗ 1934ರ ಪಂಚಾಂಗ ಹುಡುಕುತ್ತಿದ್ದಾರೆ.