ಕೊಬ್ಬರಿಯ ಅಟ್ಟಕ್ಕೆ ಹೊಳೆಯುವ ಹಾಳೆ ಬೇಕೇ?

ಮಾಡಿನ ಒಳಮೈಗೆ ಶಾಖ ತಡೆಯುವ ಅಲ್ಯೂಮಿನಿಯಂ ಹಾಳೆ ಹೊದಿಸುವ ಮಾತು ಬಂದೊಡನೆ ವರ್ತಕರಲ್ಲಿ ಏಳುವ ಮೊದಲ ಶಂಕೆ ಒಂದೇ: ತಡೆದ ಶಾಖವು ಮೇಲಕ್ಕೆ ಮರಳಿ ಹೆಂಚನ್ನೋ ಶೀಟನ್ನೋ ಕೆಡಿಸದೇ?

ಈ ಶಂಕೆಯ ತವರು ಅಮೆರಿಕ. ಅಲ್ಲಿನ ಮನೆಗಳಿಗೆ ಹೊದಿಸುವುದು ಡಾಂಬರು ಬಿಲ್ಲೆಗಳನ್ನು. ಡಾಂಬರು ಬಿಸಿಲಿಗೆ ಬೇಗ ಮುಪ್ಪಾಗುತ್ತದೆ. ಆದರೂ ಅಲ್ಲಿ ನಡೆದ ಪರೀಕ್ಷೆಗಳಲ್ಲಿ ಹಾಳೆಯಿಂದ ಬಿಲ್ಲೆಯ ಉಷ್ಣತೆ ಏರಿದ್ದು ಕೆಲವೇ ಡಿಗ್ರಿಗಳಷ್ಟು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಾದರೋ ಕುಲುಮೆಯಲ್ಲಿ ಬೆಂದು ಬಂದದ್ದು. ಅದಕ್ಕೆ ಈ ಏರಿಕೆ ಲೆಕ್ಕಕ್ಕಿಲ್ಲ.

ಶೆಟ್ಟಿಕೆರೆ ಸೀಮೆಯಲ್ಲಿ ಯೋಚಿಸಬೇಕಾದುದು ಹೆಂಚಿನ ಬಗೆಗಲ್ಲ, ಅದರ ಕೆಳಗಿರುವ ಕಾಯಿಯ ಬಗೆಗೆ. ಉಂಡೆ ಕೊಬ್ಬರಿಗೆಂದು ಅಟ್ಟಕ್ಕೇರಿಸಿದ ಕಾಯಿ ಸುಮಾರು 10–12 ತಿಂಗಳು ಅಲ್ಲಿಯೇ ಒಣಗಿ, ನೀರು ಇಂಗಿ, ಚಿಪ್ಪಿನಿಂದ ಬಿಡಿಸಿಕೊಂಡು ಗುಡಗುಡಿಸಬೇಕು. ಹೆಂಚಿನಿಂದಿಳಿಯುವ ಕಾವೂ ಹೆಂಚಿನ ಸಂದುಗಳಲ್ಲಿ ಆಡುವ ಗಾಳಿಯೂ ಈ ಕೆಲಸಕ್ಕೆ ಸಿಗುವ ಪುಕ್ಕಟೆ ಬಂಡವಾಳ. ಹಾಳೆಯನ್ನು ಎಡೆಬಿಡದೆ ಹೊದಿಸಿದರೆ ಕಾವು ತಗ್ಗುತ್ತದೆ, ತೇವ ಹೊರಹೋಗುವ ದಾರಿಯೂ ಮುಚ್ಚುತ್ತದೆ. ಬೂಷ್ಟು ಹಿಡಿದ ಕೊಬ್ಬರಿಯ ನಷ್ಟವು ಯಾವ ಬಿಲ್ಲಿನಲ್ಲಿಯೂ ಕಾಣದು. ಮಂಡಿಯ ದರದಲ್ಲಿ ಮಾತ್ರ ಕಾಣುತ್ತದೆ. ಬೆಳೆಗಾರರ ಅಟ್ಟಕ್ಕೆ ಇದು ಬೇಡವೆನ್ನುವುದೇ ವಿವೇಕ.

ವರ್ತಕರ ಗೋದಾಮಿನ ಮಾತು ಬೇರೆ. ಅಲ್ಲಿರುವುದು ಒಣಗಿ ಮುಗಿದ ಸರಕು. ಶೀಟಿನಡಿಯ ಬೇಸಿಗೆಯ ಧಗೆಗೆ ಎಣ್ಣೆ ಜಿನುಗಿ ಕಮಟು ಹಿಡಿಯುವ ಭಯವಿದೆ. ಅಲ್ಲಿ ಹಾಳೆ ಪ್ರಯೋಜನಕಾರಿ. ಆದರೆ ಶೀಟಿಗೂ ಅದಕ್ಕೂ ನಡುವೆ ಕನಿಷ್ಠ ಒಂದು ಅಂಗುಲದಷ್ಟು ಗಾಳಿ ಬಿಡಬೇಕು. ಶೀಟಿಗೆ ಅಂಟಿಸಿದ ಬರಿಯ ಹಾಳೆಯ ಮೇಲ್ಮೈ ಶಾಖವನ್ನು ಹಿಂದಕ್ಕೆ ಕಳುಹಿಸದು. ಒಂದೇ ಮೈ ಹೊಳೆಯುವಂಥದಾದರೆ ಅದು ಕೆಳಮುಖವಾಗಿರಲಿ. ಮೇಲ್ಮುಖವಾದರೆ ದೂಳು ಕುಳಿತು ಗುಣ ಕುಂದುತ್ತದೆ. ಅಗ್ಗದ ಕೂಲಿಗೆ ಒಪ್ಪಿಸಿದ ಕೆಲಸಗಳು ಕೆಡುವುದು ಬಹುಪಾಲು ಇಲ್ಲಿಯೇ.

ಇನ್ನು ಲೆಕ್ಕದ ಬಾಬ್ತು. ಒಡೆದ ಹೆಂಚು ಬದಲಿಸಿದ್ದು ದುರಸ್ತಿ. ಅದು ಆ ವರ್ಷದ ಖರ್ಚು. ಹೊಸದಾಗಿ ಹಾಳೆ ಹೊದಿಸಿದ್ದನ್ನು ಕಟ್ಟಡದ ಖಾತೆಗೆ ಸೇರಿಸಿದರೆ ವ್ಯಾಪಾರದ ಕಟ್ಟಡಕ್ಕೆ ದೊರೆಯುವ ಸವಕಳಿ ಸಾಮಾನ್ಯವಾಗಿ ವರ್ಷಕ್ಕೆ ಶೇ. 10 ಮಾತ್ರ. ಹಾಗೆ ಬಂಡವಾಳವಾಗಿಸಿದ ಮೊತ್ತದ ಮೇಲಿನ ಜಿಎಸ್‌ಟಿಗೆ ಹೂಡುವಳಿ ತೆರಿಗೆಯ ಜಮೆಯೂ ಸಿಗದು. ಆದುದರಿಂದ ಎರಡು ಕೆಲಸಗಳ ಬಿಲ್ಲುಗಳನ್ನು ಬೇರೆಬೇರೆಯಾಗಿ ಪಡೆಯುವುದು ಲೇಸು. ಇಡೀ ಮಾಡಿಗೆ ಹಣ ಸುರಿಯುವ ಮುನ್ನ ಒಂದು ಅಂಕಣಕ್ಕೆ ಮಾತ್ರ ಹೊದಿಸಿ, ಒಂದು ಬೇಸಿಗೆ ಎರಡೂ ಕಡೆಯ ಸರಕನ್ನು ಹೋಲಿಸಿ ನೋಡಬಹುದು.