ಕುಂದಗೋಳದ ಆ ರಾತ್ರಿ



ಸಂಗೀತ ಕೇಳಬಹುದೇ, ಬಾರದೇ ಎಂಬ ಚರ್ಚೆಯನ್ನು ನಾನಿಲ್ಲಿ ಎತ್ತುತ್ತಿಲ್ಲ. ಉಲಮಾಗಳಲ್ಲಿ ಈ ಬಗ್ಗೆ ಹಿಂದಿನಿಂದಲೂ ಭಿನ್ನಾಭಿಪ್ರಾಯವಿದೆ. ಮದ್ರಸದಲ್ಲಿ ಓದಿದ ನನಗೆ ಅದು ತಿಳಿಯದ ವಿಷಯವಲ್ಲ. ಇಂದು ಹೇಳಹೊರಟಿರುವುದು ಒಬ್ಬ ಗೆಳತಿಯ ಕುರಿತು.

1990ರ ದಶಕದ ಕೊನೆ. ನಾನು ಬಿ.ಎ. ಓದುತ್ತಿದ್ದೆ. ಕುಂದಗೋಳದ ಸಹಪಾಠಿಯೊಬ್ಬಳು ಗಂಗೂಬಾಯಿ ಹಾನಗಲ್ಲರ ಕ್ಯಾಸೆಟ್ ಕೊಟ್ಟು ತನ್ನ ಹುಚ್ಚನ್ನು ನನಗೂ ಹಿಡಿಸಿದ್ದಳು. ಮೊದಲ ಸಲ ಕೇಳಿದಾಗ ಗಂಡಸು ಹಾಡುತ್ತಿದ್ದಾನೆಂದೇ ತಿಳಿದಿದ್ದೆ! ಗಂಟಲಿಗೆ ಚಿಕಿತ್ಸೆಯಾದ ಬಳಿಕ ಅವರ ದನಿ ಹಾಗೆ ಗಡಸಾಯಿತಂತೆ.

ಸವಾಯಿ ಗಂಧರ್ವರ ಪುಣ್ಯತಿಥಿಗೆ ಕುಂದಗೋಳದ ನಾಡಿಗೇರ ವಾಡೆಯಲ್ಲಿ ರಾತ್ರಿಯಿಡೀ ಹಾಡುಗಾರಿಕೆ. "ಈ ಸಲ ನೀನೂ ಬಾ. ನಮ್ಮವ್ವನೂ ಬರ್ತಾಳ. ಮನಿ ಅಲ್ಲೇ ಐತಿ, ಎರಡು ಓಣಿ ದಾಟಿದ್ರ ಆತು" ಎಂದಳು ಗೆಳತಿ.

ಊರ ಮಸೀದಿಯಲ್ಲಿ ಮಕ್ಕಳಿಗೆ ಕುರ್‌ಆನ್ ಕಲಿಸುತ್ತಿದ್ದ ಅಬ್ಬಾರನ್ನು ಕೇಳಲು ಎರಡು ದಿನ ಧೈರ್ಯ ಬರಲಿಲ್ಲ. ಕೊನೆಗೆ ಒಂದೇ ಉಸಿರಿಗೆ ಹೇಳಿದೆ: ಗಂಗೂಬಾಯಿಯವರ ಗುರು ಕುಂದಗೋಳದ ರಾಮಭಾವು, ಅವರೇ ಸವಾಯಿ ಗಂಧರ್ವ. ರಾಮಭಾವು ಅವರ ಉಸ್ತಾದರು ಕೈರಾನಾದ ಅಬ್ದುಲ್ ಕರೀಂ ಖಾನ್. 1937ರಲ್ಲಿ ತೀರಿಕೊಂಡ ಖಾನ್ ಸಾಹೇಬರ ಕಬರ್ ಮಿರಜ್‌ನ ಮೀರಾಸಾಹೇಬ್ ದರ್ಗಾದಲ್ಲಿದೆ.

ಈ ವಂಶಾವಳಿಗೆಲ್ಲ ಅಬ್ಬಾ ಮರುಳಾಗಲಿಲ್ಲ. "ಹೋಗು. ಆದರೆ ಫಜ್ರ್ ತಪ್ಪಿದರೆ ಇದೇ ಮೊದಲು, ಇದೇ ಕೊನೆ" ಎಂದರು.

ವಾಡೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನನ್ನ ಬುರ್ಖಾ ಕಂಡು ಒಂದಿಬ್ಬರು ತಿರುಗಿ ನೋಡಿದರು. ಗೆಳತಿಯ ಅವ್ವ ನನ್ನನ್ನು ತಮ್ಮ ಮಗ್ಗುಲಿಗೆ ಕೂರಿಸಿಕೊಂಡರು. ಒಬ್ಬರಾದ ಮೇಲೊಬ್ಬರು ಹಾಡುತ್ತಿದ್ದರು. ಕಣ್ಣು ಎಳೆಯುತ್ತಿತ್ತು. ನಡುವೆ ಅವ್ವ ಹಳೆಯದನ್ನು ಹೇಳಿದರು. ಗಂಗೂಬಾಯಿಯವರು ಪಾಠಕ್ಕೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಈ ಊರಿಗೇ ಬರುತ್ತಿದ್ದರಂತೆ. ಹಾಡುವ ಹೆಂಗಸೆಂದು ಬೀದಿಯಲ್ಲಿ ಜನ ಹಂಗಿಸುತ್ತಿದ್ದರಂತೆ. ಆದರೂ ಪಾಠ ಬಿಡಲಿಲ್ಲ. ರಾತ್ರಿ ಹೊತ್ತು ಹಾಡು ಕೇಳಲು ಹೊರಟ ನಮ್ಮ ಬಗ್ಗೆ ನೆರೆಹೊರೆಯವರು ಆಡಿಕೊಂಡದ್ದು ನನಗೆ ನೆನಪಾಯಿತು. ಅದು ಎಷ್ಟರದು!

ಅವರು ಬಂದು ಕೂರುವಾಗ ಗಂಟೆ ಐದರ ಹತ್ತಿರ. ಎಂಬತ್ತು ದಾಟಿದ ಪುಟ್ಟ ದೇಹ. ಹಿಂದೆ ತಂಬೂರಿ ಹಿಡಿದ ಮಗಳು ಕೃಷ್ಣಾ. ಶ್ರುತಿ ಕೂಡುತ್ತಿತ್ತು. ಅಷ್ಟರಲ್ಲಿ ದೂರದಿಂದ ಅಝಾನ್ ಕೇಳಿಸಿತು.

ನಾನು ಎದ್ದೆ. ಗೆಳತಿಯೂ ಎದ್ದಳು. "ನೀನು ಕೂಡು, ನಾನೊಬ್ಬಳೇ ಹೋಗ್ತೀನಿ" ಎಂದೆ. "ಕತ್ತಲಾಗ ಒಬ್ಬಾಕಿನ್ನ ಹೆಂಗ ಕಳಿಸಲಿ?" ಎನ್ನುತ್ತಾ ಮುಂದೆ ನಡೆದೇಬಿಟ್ಟಳು. ಇಡೀ ವರ್ಷ ಕಾದಿದ್ದವಳು ಅವಳು! ಮನೆಯಲ್ಲಿ ವುಝೂಗೆ ನೀರು ಕೊಟ್ಟಳು, ಮಡಿಸಿಟ್ಟಿದ್ದ ಒಗೆದ ಸೀರೆ ಹಾಸಿದಳು. ಮುಗಿಯುವವರೆಗೆ ಹೊಸ್ತಿಲಾಚೆ ನಿಂತಿದ್ದಳು. ಆ ಎರಡು ರಕ್‌ಅತ್‌ನಲ್ಲಿ ನನ್ನ ಮನಸ್ಸು ನಮಾಝ್‌ನಲ್ಲಷ್ಟೇ ಇತ್ತೆಂದು ಸುಳ್ಳು ಹೇಳಲಾರೆ. ಅಲ್ಲಾಹನು ಕ್ಷಮಿಸಲಿ.

ಓಡುತ್ತಾ ಮರಳಿದೆವು. ಬಾಗಿಲಲ್ಲೇ ನಿಂತು ಉಳಿದದ್ದನ್ನು ಕೇಳಿದೆವು. ಆ ವಯಸ್ಸಿನಲ್ಲಿ ಅಂಥ ಕಸುವು ಎಲ್ಲಿತ್ತೋ! ದನಿ ಕಿವಿಗಲ್ಲ, ಎದೆಗೇ ತಾಗುತ್ತಿತ್ತು. ಗೆಳತಿ ನನ್ನ ಕೈ ಬಿಗಿಯಾಗಿ ಹಿಡಿದಿದ್ದಳು, ಬೆರಳು ನೋಯುವಷ್ಟು.

ಕೃಷ್ಣಾ 2004ರಲ್ಲಿ ತೀರಿಕೊಂಡರು, ತಾಯಿ 2009ರ ಜುಲೈಯಲ್ಲಿ. ಗೆಳತಿ ಈಗ ದೂರದ ಊರಲ್ಲಿದ್ದಾಳೆ. ಫೋನ್ ಮಾಡಿದಾಗ, "ನಿನ್ನಿಂದ ನನ್ನ ಆಲಾಪ ತಪ್ಪಿತು ನೋಡ" ಎಂದು ಇಂದಿಗೂ ಬೈಯುತ್ತಾಳೆ.

ಅಂದು ಮನೆ ಸೇರಿದಾಗ ಅಬ್ಬಾ ಕೇಳಿದ್ದು ಒಂದೇ, "ನಮಾಝ್ ಆಯಿತೇ?" ನಡೆದದ್ದನ್ನು ಹೇಳಿದೆ. ಸುಮ್ಮನಿದ್ದರು. ಮರುವರ್ಷ ನಾನು ಬಾಯಿ ತೆರೆಯುವ ಮೊದಲೇ, "ಕುಂದಗೋಳದ ಆ ಹುಡುಗಿ ಯಾವಾಗ ಬರಹೇಳಿದ್ದಾಳೆ?" ಎಂದರು.